ಮುಚ್ಚಿದ ಆಟಕ್ಕೆ ಮರಳಿದ ಸಮುದಾಯ: 'ಸಿಟಿ ಆಫ್ ಹೀರೋಸ್' – ಒಂದು ಜಾನಪದೀಯ ವಿವೇಚನೆ

ಕನ್ನಡದಲ್ಲಿ 'ಆಟ' ಎಂಬ ಪದದ ಅರ್ಥವ್ಯಾಪ್ತಿ ವಿಸ್ತಾರವಾದುದು. ಮಕ್ಕಳ ಕುಂಟಾಬಿಲ್ಲೆ ಆಟ, ಮಳೆಗಾಲದ ಚನ್ನೆಮಣೆ ಆಟ. ದೊಡ್ಡಾಟ, ಸಣ್ಣಾಟ, ಬಯಲಾಟಗಳೂ ಆಟ. ಕರಾವಳಿಯಲ್ಲಿ 'ಇವತ್ತು ಆಟ ಇದೆ' ಎಂದರೆ ಯಕ್ಷಗಾನ ಇದೆ ಎಂದೇ ಅರ್ಥ. ಹರಕೆ ಹೊತ್ತವರು ಆಡಿಸುವುದೂ ಆಟವನ್ನೇ. ಸ್ಪರ್ಧೆ, ವೇಷ, ಕಥನ, ಕೂಟ, ಭಕ್ತಿ ಇವೆಲ್ಲವನ್ನೂ ಒಂದೇ ಪದ ಒಳಗೊಂಡಿದೆ. ಆದರೆ ನಮ್ಮ ಜನಪದ ಆಟಗಳ ಸಂಗ್ರಹಗಳು ಬಹುಪಾಲು ಆಟದ ನಿಯಮ, ಬೇಕಾಗುವ ಸಾಮಗ್ರಿ, ಆಟಗಾರರ ಸಂಖ್ಯೆ ಇವುಗಳ ವಿವರಣೆಗೆ ಸೀಮಿತಗೊಂಡಿವೆ. ಆಡುವವರು ಆಟದ ಮೂಲಕ ಎಂತಹ ಸಮುದಾಯವಾಗಿ ರೂಪುಗೊಳ್ಳುತ್ತಾರೆ, ಆಡುವ ಜಾಗವೇ ಇಲ್ಲವಾದಾಗ ಆ ಸಮುದಾಯದ ಗತಿ ಏನಾಗುತ್ತದೆ, ನಿಂತುಹೋದ ಆಟಕ್ಕೆ ಜನ ಮರಳಿದಾಗ ಅವರು ನಿಜವಾಗಿ ಮರಳುವುದು ಯಾವುದಕ್ಕೆ ಎಂಬ ಪ್ರಶ್ನೆಗಳು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ನಮ್ಮ ನಾಡಿನದಲ್ಲದ, ಮಣ್ಣಿನ ಮೇಲಿನದೂ ಅಲ್ಲದ ಒಂದು ಆಟವನ್ನು ಮುಂದಿಟ್ಟುಕೊಂಡು ವಿವೇಚಿಸಲಾಗಿದೆ. ಅಮೆರಿಕೆಯಲ್ಲಿ 2004ರಲ್ಲಿ ಆರಂಭವಾಗಿ, 2012ರಲ್ಲಿ ಮುಚ್ಚಿಹೋಗಿ, 2019ರಲ್ಲಿ ಅಭಿಮಾನಿಗಳ ಕೈಯಲ್ಲಿ ಮತ್ತೆ ತೆರೆದುಕೊಂಡ 'ಸಿಟಿ ಆಫ್ ಹೀರೋಸ್' ಎಂಬ ಅಂತರ್ಜಾಲದ ಆಟವೇ ಇಲ್ಲಿನ ವಸ್ತು. ಯಂತ್ರದ ಮುಂದೆ ಕುಳಿತವರನ್ನು 'ಜನಪದ' ಎನ್ನಬಹುದೇ ಎಂಬ ಆಕ್ಷೇಪ ಸಹಜ. ಯಾವುದಾದರೊಂದು ಸಮಾನ ಅಂಶದಿಂದ ಬಂಧಿತರಾಗಿ, ತಮ್ಮದೇ ಆದ ಸಂಪ್ರದಾಯಗಳನ್ನು ಹೊಂದಿರುವ ಯಾವ ಗುಂಪೂ ಜನಪದವೇ ಎಂದು ಅಲನ್ ಡಂಡೆಸ್ ಅವರು ಹೇಳಿ ಅರ್ಧ ಶತಮಾನ ಕಳೆದಿದೆ. ಈ ಮಾತನ್ನು ನಾವು ಪಠ್ಯಪುಸ್ತಕಗಳಲ್ಲಿ ಒಪ್ಪಿದ್ದೇವೆ, ಕ್ಷೇತ್ರಕಾರ್ಯದಲ್ಲಿ ಒಪ್ಪಿದ್ದು ಕಡಿಮೆ.

ಈ ವಿಷಯಕ್ಕೆ ನಾನು ಬಂದದ್ದು ಗ್ರಂಥಗಳ ಮೂಲಕವಲ್ಲ. ಉನ್ನತ ವ್ಯಾಸಂಗಕ್ಕೆಂದು 2005ರಲ್ಲಿ ಅಮೆರಿಕೆಗೆ ಹೋಗಿ ಅಲ್ಲಿಯೇ ನೆಲೆಸಿದ ನನ್ನ ತಮ್ಮ ಈ ಆಟದ ಏಳು ವರ್ಷಗಳ ಆಟಗಾರ. ಆಟ ಮುಚ್ಚಿದ ದಿನ ಅವನು ಮನೆಗೆ ಫೋನ್ ಮಾಡಿ ಯಾವುದೋ ಊರು ಹೋಯಿತೆಂದು ಹೇಳುವವನಂತೆ ಮಾತನಾಡಿದ್ದ. ಆಗ ನಾನು ಅದನ್ನು ಹುಡುಗಾಟವೆಂದೇ ಬಗೆದಿದ್ದೆ. 2022ರ ಚಳಿಗಾಲದಲ್ಲಿ ಅವನ ಮನೆಯಲ್ಲಿ ಕೆಲವು ವಾರಗಳಿದ್ದಾಗ, ಮರಳಿ ತೆರೆದ ಆಟದಲ್ಲಿ ಅವನ ಪಕ್ಕದಲ್ಲಿ ಕುಳಿತು ನೋಡಿದ್ದು ಈ ಬರಹಕ್ಕೆ ಪ್ರೇರಣೆ.

ಆಟದ ಸ್ವರೂಪ

ಹಲವರು ಏಕಕಾಲಕ್ಕೆ ದೂರದೂರದಿಂದ ಆಡಬಹುದಾದ ಕಲ್ಪಿತ ಜಗತ್ತುಗಳ ಇತಿಹಾಸ 1978ರಷ್ಟು ಹಿಂದಿನದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ. ಎಲ್ಲವೂ ಅಕ್ಷರಗಳಲ್ಲಿ ನಡೆಯುತ್ತಿತ್ತು. 'ಸಿಟಿ ಆಫ್ ಹೀರೋಸ್' ಈ ಪರಂಪರೆಯ ಬಹಳ ಈಚಿನ ಕುಡಿ. ಕ್ಯಾಲಿಫೋರ್ನಿಯಾದ ಕ್ರಿಪ್ಟಿಕ್ ಸ್ಟುಡಿಯೋಸ್ ರೂಪಿಸಿದ ಈ ಆಟವನ್ನು ದಕ್ಷಿಣ ಕೊರಿಯಾ ಮೂಲದ ಎನ್‌ಸಿಸಾಫ್ಟ್ ಸಂಸ್ಥೆ 2004ರ ಏಪ್ರಿಲ್ 28ರಂದು ಬಿಡುಗಡೆ ಮಾಡಿತು. ಅಮೆರಿಕೆಯ ಚಿತ್ರಕಥಾ ಪುಸ್ತಕಗಳ ಅತಿಮಾನುಷ ವೀರರ ಲೋಕವೇ ಇದರ ಹಿನ್ನೆಲೆ. ಪ್ಯಾರಗಾನ್ ಸಿಟಿ ಎಂಬ ಕಲ್ಪಿತ ನಗರ. ಅದರ ಹೃದಯಭಾಗದಲ್ಲಿ ಅಟ್ಲಾಸ್ ಪಾರ್ಕ್ ಎಂಬ ಬಡಾವಣೆ. ಅಲ್ಲಿನ ನಗರಸಭಾ ಭವನದ ಮುಂದೆ ಭೂಗೋಳವನ್ನು ಹೆಗಲ ಮೇಲೆ ಹೊತ್ತು ನಿಂತ ಬೃಹತ್ ಪ್ರತಿಮೆ. ಆಟಗಾರನು ತನ್ನ ವೀರನನ್ನು ತಾನೇ ಸೃಷ್ಟಿಸಿ, ಹೆಸರಿಟ್ಟು, ವೇಷ ತೊಡಿಸಿ, ಅವನ ಪೂರ್ವಕಥೆಯನ್ನು ಬರೆದು ಈ ನಗರಕ್ಕೆ ಇಳಿಸುತ್ತಾನೆ. ಹಂತ ಹಂತವಾಗಿ ಶಕ್ತಿ ಗಳಿಸಿ 50ನೆಯ ಹಂತ ಮುಟ್ಟುವುದು ಆಟದ ಹೊರಗಿನ ಗುರಿ. ಆರಂಭದ ವರ್ಷಗಳಲ್ಲಿ ಹಾರುವ ಶಕ್ತಿ ದೊರೆಯುತ್ತಿದ್ದುದು 14ನೆಯ ಹಂತದಲ್ಲಿ. ಅಲ್ಲಿಯವರೆಗೆ ನಗರದ ಬೀದಿಗಳಲ್ಲಿ ಓಡಾಡಿಯೇ ತಲಪಬೇಕು. ಈ ಓಡಾಟದಿಂದಾಗಿಯೇ ಹಳೆಯ ಆಟಗಾರರಿಗೆ ಅಲ್ಲಿನ ಒಂದೊಂದು ತಿರುವೂ ಕಂಠಪಾಠವಾಗಿದೆ.

ವೇಷರಚನೆಯೇ ಈ ಆಟದ ಜೀವಾಳವೆಂದು ಬಲ್ಲವರು ಹೇಳುತ್ತಾರೆ. ಆಟಗಾರರು ಪ್ರಸಿದ್ಧ ಚಿತ್ರಕಥಾ ವೀರರ ವೇಷವನ್ನು ಅನುಕರಿಸಲು ಇದು ಅವಕಾಶ ನೀಡುತ್ತದೆಂದು ಆಕ್ಷೇಪಿಸಿ ಮಾರ್ವೆಲ್ ಸಂಸ್ಥೆ 2004ರ ನವೆಂಬರಿನಲ್ಲಿ ದಾವೆ ಹೂಡಿತು. 2005ರ ಡಿಸೆಂಬರಿನಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಇನ್ನೊಂದು ಸಂಗತಿ ಜಾನಪದ ವಿದ್ಯಾರ್ಥಿಗೆ ಸ್ವಾರಸ್ಯಕರವಾಗಿದೆ. ಆಟ ಬಿಡುಗಡೆಯಾದಾಗ ವೀರರ ಬೆನ್ನಿಗೆ ಹಾರಾಡುವ ಮೇಲುವಸ್ತ್ರವನ್ನು ತೋರಿಸುವುದು ತಾಂತ್ರಿಕವಾಗಿ ಕೈಗೂಡಿರಲಿಲ್ಲ. ಆ ಕೊರತೆಗೆ ಒಂದು ಕಥೆ ಹುಟ್ಟಿತು: ಅನ್ಯಲೋಕದವರ ದಾಳಿಯಲ್ಲಿ ಮಡಿದ ವೀರನೊಬ್ಬ ಅಂತಹ ವಸ್ತ್ರ ಧರಿಸುತ್ತಿದ್ದನೆಂದೂ, ಅವನ ಗೌರವಾರ್ಥ ಉಳಿದವರು ಅರ್ಹತೆ ಗಳಿಸುವವರೆಗೆ ಅದನ್ನು ಧರಿಸುವುದಿಲ್ಲವೆಂದೂ. ಮುಂದೆ ತಂತ್ರ ಕೈಗೂಡಿದಾಗ 20ನೆಯ ಹಂತದಲ್ಲಿ ವಸ್ತ್ರ ಪಡೆಯುವುದು ಒಂದು ಕಟ್ಟಳೆಯಾಗಿ ನೆಲೆಗೊಂಡಿತು. ಆಚರಣೆಗಳಿಗೆ ಕಾರಣಕಥೆಗಳು ಹುಟ್ಟಿಕೊಳ್ಳುವ ಬಗೆಯನ್ನು ಇಷ್ಟು ಹತ್ತಿರದಿಂದ ಕಾಲನಿರ್ದೇಶನ ಸಹಿತ ನೋಡುವ ಅವಕಾಶ ನಮಗೆ ಬೇರೆಡೆ ದೊರೆಯುವುದಿಲ್ಲ.

ಆಟವನ್ನು ಮಾಡಿದವರು ಯೋಚಿಸದ ರೂಢಿಗಳೂ ಬೆಳೆದವು. ಅಟ್ಲಾಸ್ ಪ್ರತಿಮೆಯ ಬುಡದಲ್ಲಿ ಆಟಗಾರರೇ ವೇಷಸ್ಪರ್ಧೆಗಳನ್ನು ನಡೆಸುತ್ತಿದ್ದರು. ಸಾಲಾಗಿ ನಿಂತ ವೀರರ ನಡುವೆ ತೀರ್ಪುಗಾರ ನಡೆದು ಹೋಗುತ್ತಿದ್ದ. ಗೆದ್ದವರಿಗೆ ಅವನು ತನ್ನ ಗಳಿಕೆಯಿಂದಲೇ ಬಹುಮಾನ ಕೊಡುತ್ತಿದ್ದ. ಇದಕ್ಕೆ ಆಟದಲ್ಲಿ ಅಂಕವಿಲ್ಲ, ಹಂತವಿಲ್ಲ. 2009ರ ಏಪ್ರಿಲಿನಿಂದ ಆಟಗಾರರು ತಮ್ಮದೇ ಕಥಾಸಾಹಸಗಳನ್ನು ರಚಿಸಿ ಇತರರಿಗೆ ಆಡಲು ಬಿಡುವ ಸೌಲಭ್ಯವೂ ಬಂದಿತು. ಅಲ್ಲಿಂದಾಚೆಗೆ ಕೇಳುವವರೇ ಕಟ್ಟುವವರೂ ಆದರು.

ಇಲ್ಲಿ ಒಂದು ತಾಂತ್ರಿಕ ಅಂಶವನ್ನು ವಿವರಿಸದೆ ಮುಂದಿನ ಮಾತು ತಿಳಿಯುವುದಿಲ್ಲ. ಆಟಗಾರನು ಕೊಂಡು ತನ್ನ ಗಣಕಯಂತ್ರದಲ್ಲಿ ಇರಿಸಿಕೊಳ್ಳುವ ತಂತ್ರಾಂಶದಲ್ಲಿ ನಗರದ ಚಿತ್ರಗಳಿರುತ್ತವೆ, ಧ್ವನಿಗಳಿರುತ್ತವೆ, ಆದರೆ ಆಟವಿರುವುದಿಲ್ಲ. ಯಾರು ಎಲ್ಲಿದ್ದಾರೆ, ಯಾರು ಏನು ಹೇಳಿದರು, ಯಾವ ಹೊಡೆತಕ್ಕೆ ಯಾವ ಫಲ ಎಂಬುದೆಲ್ಲ ನಿರ್ಧಾರವಾಗುವುದು ಸಂಸ್ಥೆಯ ವಶದಲ್ಲಿರುವ ಸರ್ವರ್ ಎಂಬ ಕೇಂದ್ರ ಗಣಕದಲ್ಲಿ. ಆ ಗಣಕದ ತಂತ್ರಾಂಶ ಹೊರಗೆ ಬರುವುದೇ ಇಲ್ಲ. ಅದನ್ನು ನಿಲ್ಲಿಸಿದ ಕ್ಷಣದಲ್ಲಿ ಲಕ್ಷಾಂತರ ಮನೆಗಳಲ್ಲಿ ಉಳಿಯುವುದು ರಂಗಸ್ಥಳದ ಪರದೆ ಮಾತ್ರ.

ಮುಚ್ಚುಗಡೆ ಮತ್ತು ನಡುಗಾಲ

2012ರ ಆಗಸ್ಟ್ 31ರಂದು ಎನ್‌ಸಿಸಾಫ್ಟ್ ಆಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆಟವನ್ನು ಆ ವೇಳೆಗೆ ನೋಡಿಕೊಳ್ಳುತ್ತಿದ್ದ ಪ್ಯಾರಗಾನ್ ಸ್ಟುಡಿಯೋಸ್ ಎಂಬ ಅಂಗಸಂಸ್ಥೆಯೂ ಮುಚ್ಚಿತು. ಮುಂದಿನ ತಿಂಗಳಲ್ಲಿ ಆಟಗಾರರು ಅಟ್ಲಾಸ್ ಪಾರ್ಕಿನಲ್ಲಿ ನೆರೆದು, ನಗರಸಭಾ ಭವನದ ಮುಂದೆ ಪಂಜು ಹಿಡಿದು ನಿಂತರು. ಪಂಜು ಹಿಡಿಯುವುದು ಆಟದಲ್ಲಿ ಮೊದಲೇ ಇದ್ದ ಒಂದು ಸಣ್ಣ ಅಭಿನಯ; ಅದಕ್ಕೆ ಅಂದಿನವರೆಗೆ ವಿಶೇಷ ಅರ್ಥವಿರಲಿಲ್ಲ. ಜನ ಹೆಚ್ಚಾದಂತೆ ಆಟದ ವ್ಯವಸ್ಥೆ ಅದೇ ಬಡಾವಣೆಯ ಪ್ರತಿಗಳನ್ನು ಒಂದಾದ ಮೇಲೊಂದರಂತೆ ತೆರೆಯುತ್ತ ಹೋಯಿತು. ಮನವಿಗಳು ಫಲಿಸಲಿಲ್ಲ. ನವೆಂಬರ್ 30ರ ರಾತ್ರಿ ಸರ್ವರ್‌ಗಳು ನಿಂತವು. ಕೊನೆಯ ಗಳಿಗೆಯಲ್ಲಿ ಬಹಳ ಜನ ಹೋರಾಟಕ್ಕೆ ಹೋಗದೆ ಅದೇ ಪ್ರತಿಮೆಯ ಕೆಳಗೆ ಸೇರಿದ್ದರೆಂಬುದನ್ನು ನನ್ನ ತಮ್ಮನಿಂದಲೂ ಕೇಳಿದ್ದೇನೆ. ಆಟಗಾರರೇ ಬರೆದ ಕಥಾಸಾಹಸಗಳಲ್ಲಿ, ಯಾರಾದರೂ ತಮ್ಮ ಯಂತ್ರದಲ್ಲಿ ಪ್ರತಿ ಇರಿಸಿಕೊಂಡಿದ್ದವನ್ನು ಬಿಟ್ಟರೆ ಉಳಿದವು ಅಂದಿಗೆ ಇಲ್ಲವಾದವು.

ಆನಂತರದ ಆರೂವರೆ ವರ್ಷಗಳ ಅವಧಿ ಈ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು. ಅಭಿಮಾನಿಗಳು 'ಐಕಾನ್' ಎಂಬ ಸಣ್ಣ ತಂತ್ರಾಂಶವನ್ನು ರೂಪಿಸಿದರು. ಅದರ ಸಹಾಯದಿಂದ, ತಮ್ಮ ಯಂತ್ರದಲ್ಲಿ ಉಳಿದಿದ್ದ ಚಿತ್ರಗಳ ಬಲದ ಮೇಲೆ, ನಗರದೊಳಗೆ ಒಬ್ಬರೇ ತಿರುಗಾಡಬಹುದಿತ್ತು. ಬೀದಿಗಳಿದ್ದವು, ಪ್ರತಿಮೆಯಿತ್ತು; ಜನರಿರಲಿಲ್ಲ, ಶತ್ರುಗಳಿರಲಿಲ್ಲ. ಮುಂದೆ 'ಪ್ಯಾರಗಾನ್ ಚಾಟ್' ಎಂಬ ಇನ್ನೊಂದು ತಂತ್ರಾಂಶ ಬಂದು ಪರಸ್ಪರ ಕಾಣುವುದು, ಮಾತನಾಡುವುದು ಸಾಧ್ಯವಾಯಿತು, ಆದರೆ ಕಾದಾಡುವಂತಿರಲಿಲ್ಲ. ಜನ ಅಲ್ಲಿಗೂ ಬಂದರು.

ಈ ವಿವರವನ್ನು ತಮ್ಮ ಹೇಳಿದಾಗ ನನಗೆ ನೆನಪಾದದ್ದು ನನ್ನ ಸಂಶೋಧನಾ ದಿನಗಳಲ್ಲಿ ಕಂಡ ಶರಾವತಿ ಮುಳುಗಡೆಯ ಪ್ರದೇಶ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ನೀರಿನಡಿ ಸೇರಿದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ, ಕಡುಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುತ್ತದೆ. ಅಂತಹ ಬೇಸಿಗೆಯೊಂದರಲ್ಲಿ ಬಿರುಕುಬಿಟ್ಟ ಕೆಸರಿನ ಮೇಲೆ ನಡೆಯುತ್ತ ಮುದುಕಿಯೊಬ್ಬಳು, 'ಇದು ನಮ್ಮ ಅಂಗಳ, ಇಲ್ಲಿ ದಣಪೆ' ಎಂದು ಬರಿದಾದ ನೆಲವನ್ನು ತೋರಿಸಿದ್ದಳು. ಎರಡು ಕಷ್ಟಗಳನ್ನು ಸಮಗಟ್ಟುವ ಉದ್ದೇಶ ನನ್ನದಲ್ಲ. ಭೂಮಿ, ಮನೆ, ದೈವದ ಬನಗಳನ್ನು ಕಳೆದುಕೊಂಡವರ ಜೊತೆಗೆ ಆಟ ಕಳೆದುಕೊಂಡವರನ್ನು ನಿಲ್ಲಿಸುವುದು ಅನ್ಯಾಯವಾದೀತು. ಆದರೆ ನೆನಪು ಕೆಲಸ ಮಾಡುವ ಕ್ರಮ ಎರಡೂ ಕಡೆ ಒಂದೇ ಬಗೆಯದು: ಜಾಗವು ಬರಿದಾದಷ್ಟೂ ಅಲ್ಲಿ ಏನು ನಡೆಯುತ್ತಿತ್ತು ಎಂಬ ಮಾತು ಬೆಳೆಯುತ್ತದೆ.

ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು 1990ರಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡು, 1998ರಲ್ಲಿ 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟಿಸಿದ್ದು ನಮ್ಮ ಓದುಗರಿಗೆ ತಿಳಿದ ವಿಷಯ. ಆ ಕಾರ್ಯದ ಅನುಭವದಿಂದ ಅವರು ಪುಷ್ಟಿಗೊಳಿಸಿದ 'ಮಾನಸಿಕ ಪಠ್ಯ' ಎಂಬ ಪರಿಕಲ್ಪನೆ ಇಲ್ಲಿ ಉಪಯುಕ್ತವಾಗಿದೆ. ಕಾವ್ಯವು ಗಾಯಕನ ಮನಸ್ಸಿನಲ್ಲಿ ಸಿದ್ಧವಾಕ್ಯಗಳ ಮೂಟೆಯಾಗಿ ಇರುವುದಿಲ್ಲ. ಕಥೆಯ ಜಾಡು, ದೃಶ್ಯಗಳ ಮಾದರಿ, ಹೇಳುವ ನಿಯಮ ಇವುಗಳ ಹೆಣಿಗೆಯಾಗಿ ಇರುತ್ತದೆ. ಪ್ರತಿ ಪ್ರದರ್ಶನವೂ ಅದರ ಒಂದು ಹೊರಹೊಮ್ಮುವಿಕೆ. ಆಟ ನಿಂತ ಮೇಲೂ ಆಟಗಾರರ ಬಳಿ ಉಳಿದದ್ದು ಇಂತಹ ಪಠ್ಯವೇ. ಎಂಟು ಜನ ಸೇರಿದಾಗ ಯಾರು ಮುಂದೆ ನಿಲ್ಲಬೇಕು, ಯಾರು ಗಾಯ ಮಾಯಿಸಬೇಕು, ಹೊಸಬ ಬಂದರೆ ಹೇಗೆ ನಡೆಸಿಕೊಳ್ಳಬೇಕು, ಯಾವ ಮಾತಿಗೆ ನಗಬೇಕು ಎಂಬುದು ಯಾವ ಸರ್ವರ್‌ನಲ್ಲಿಯೂ ದಾಖಲಾಗಿರಲಿಲ್ಲ. ಅದೇ ಕಾರಣಕ್ಕೆ ಸರ್ವರ್ ನಿಂತಾಗ ಅಳಿಯಲೂ ಇಲ್ಲ.

ಈ ಮಾನಸಿಕ ಪಠ್ಯಕ್ಕೆ ಒಂದು ದೇಹ ಒದಗಿಸಲು ಅಭಿಮಾನಿಗಳು ಎರಡು ದಾರಿ ಹಿಡಿದರು. ಒಂದು, ಹೊಸದಾಗಿ ಕಟ್ಟುವುದು. 'ಸಿಟಿ ಆಫ್ ಟೈಟನ್ಸ್' ಎಂಬ ಉತ್ತರಾಧಿಕಾರಿ ಆಟಕ್ಕೆ 2013ರಲ್ಲಿ ಸಾರ್ವಜನಿಕರಿಂದ 6 ಲಕ್ಷ 70 ಸಾವಿರ ಡಾಲರಿಗೂ ಮೀರಿ ಹಣ ಕೂಡಿತು. ಆದರೆ ಮನೆಮಂದಿಯ ಬಿಡುವಿನ ದುಡಿಮೆಯಿಂದ ನಗರ ಕಟ್ಟುವುದು ನಿಧಾನದ ಕೆಲಸವಾಯಿತು. ಇನ್ನೊಂದು ದಾರಿ, ಬೇರೆಡೆಗೆ ವಲಸೆ ಹೋಗುವುದು. ಇದಕ್ಕೆ ಉತ್ತಮ ನಿದರ್ಶನ ಬೇರೊಂದು ಆಟದ್ದು. 'ಊರು: ಏಜಸ್ ಬಿಯಾಂಡ್ ಮಿಸ್ಟ್' ಎಂಬ ಆಟದ ಅಂತರ್ಜಾಲ ಭಾಗ 2004ರ ಫೆಬ್ರವರಿಯಲ್ಲಿ ಮುಚ್ಚಿದಾಗ ಅದರ ಆಟಗಾರರು ಬೇರೆ ಕಲ್ಪಿತ ಜಗತ್ತುಗಳಿಗೆ ಗುಂಪಾಗಿ ಹೋಗಿ, ತಮ್ಮನ್ನು ನಿರಾಶ್ರಿತರೆಂದು ಕರೆದುಕೊಂಡು, ಹಳೆಯ ಜಗತ್ತಿನ ಕಟ್ಟಡಗಳನ್ನು ಅಲ್ಲಿ ಮತ್ತೆ ಕಟ್ಟಿದರು. ಸೀಲಿಯಾ ಪಿಯರ್ಸ್ ಅವರು ಆ ಗುಂಪಿನೊಳಗೇ ಇದ್ದು ನಡೆಸಿದ ಜನಾಂಗಶಾಸ್ತ್ರೀಯ ಅಧ್ಯಯನ 2009ರಲ್ಲಿ ಪುಸ್ತಕವಾಗಿ ಬಂದಿದೆ. 'ಊರು' ಎಂಬ ಆ ಹೆಸರಿಗೂ ನಮ್ಮ ಊರಿಗೂ ವ್ಯುತ್ಪತ್ತಿಯಲ್ಲಿ ಯಾವ ನಂಟೂ ಇಲ್ಲ. ಆದರೂ ಅದನ್ನು ಓದುವ ಕನ್ನಡಿಗರಿಗೆ ಒಂದು ಕ್ಷಣ ಬೇರೆಯೇ ಅರ್ಥ ಹೊಳೆಯದೆ ಇರದು.

ಗುಪ್ತನಿಧಿ ಮತ್ತು ಪಾಠಾಂತರ

ಮೂರನೆಯ ದಾರಿಯೊಂದಿತ್ತೆಂಬುದು ಬಹುಜನರಿಗೆ ತಿಳಿದಿರಲಿಲ್ಲ. ಆಟದ ಸರ್ವರ್ ತಂತ್ರಾಂಶದ ಮೂಲ ಸಂಕೇತಗಳು ಒಂದು ಸಣ್ಣ ಗುಂಪಿನ ಕೈ ಸೇರಿದ್ದವು. ಆ ಗುಂಪು ಸುಮಾರು ಆರು ವರ್ಷಗಳ ಕಾಲ, ಆಯ್ದ ಸದಸ್ಯರಿಗೆ ಮಾತ್ರ ಪ್ರವೇಶವಿದ್ದ ಖಾಸಗಿ ಸರ್ವರ್‌ನಲ್ಲಿ ಆಟವನ್ನು ನಡೆಸುತ್ತಿತ್ತು. 2019ರ ಏಪ್ರಿಲಿನಲ್ಲಿ ಈ ಗುಟ್ಟು ಬಯಲಾಯಿತು. ಉಳಿದ ಸಮುದಾಯದಲ್ಲಿ ಎದ್ದ ಸಿಟ್ಟು ಸಾಮಾನ್ಯವಾದುದಲ್ಲ. ತಾವು ಖಾಲಿ ನಗರದಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ಕೆಲವರು ಒಳಗೆ ದೀಪ ಹಚ್ಚಿಕೊಂಡು ಕುಳಿತಿದ್ದರೆಂಬ ಅರಿವು ಅದರ ಮೂಲ. ಕೆಲವೇ ದಿನಗಳಲ್ಲಿ ಮೂಲ ಸಂಕೇತಗಳು ಸಾರ್ವಜನಿಕವಾದವು. ಹಲವು ಸರ್ವರ್‌ಗಳು ತೆರೆದವು. ಅವುಗಳಲ್ಲಿ ಹೆಚ್ಚು ಜನ ಸೇರಿದ್ದು 'ಹೋಮ್‌ಕಮಿಂಗ್' ಎಂಬ ಹೆಸರಿನದು. ಅದರ ವಿಭಾಗಗಳಲ್ಲೊಂದಕ್ಕೆ 'ಟಾರ್ಚ್‌ಬೇರರ್', ಅಂದರೆ ಪಂಜಿನವನು, ಎಂದು ಹೆಸರಿದೆ.

ಗುಟ್ಟು ಕಾದವರದು ತಪ್ಪೇ? ಕ್ಷೇತ್ರಕಾರ್ಯ ಮಾಡಿದವರಿಗೆ ಈ ಸಂದಿಗ್ಧ ಹೊಸದಲ್ಲ. ಮನೆತನದ ತಾಳೆಗರಿ ಕಟ್ಟನ್ನು ಹೊರಗಿನವರಿಗೆ ತೋರಿಸದ ಮನೆಗಳ ಜಗಲಿಯಲ್ಲಿ ನಾವೆಲ್ಲ ಕುಳಿತು ಬಂದಿದ್ದೇವೆ. ತೋರಿಸದೆ ಇದ್ದುದರಿಂದಲೇ ಅದು ಉಳಿದಿದೆ ಎಂಬುದೂ ನಿಜ; ತೋರಿಸದೆ ಇದ್ದುದರಿಂದಲೇ ಒಂದು ದಿನ ಗೆದ್ದಲು ಹಿಡಿದು ಹೋಯಿತೆಂಬುದೂ ನಿಜ. ಖಾಸಗಿ ಸರ್ವರ್ 2013ರಲ್ಲಿಯೇ ಬಹಿರಂಗವಾಗಿದ್ದರೆ ಹಕ್ಕುದಾರ ಸಂಸ್ಥೆ ಸುಮ್ಮನಿರುತ್ತಿತ್ತೆಂದು ನಂಬುವುದು ಕಷ್ಟ. ಹಾಗೆಂದು ಕಾವಲುಗಾರರಿಗೆ ಪೂರ್ಣ ಮನ್ನಣೆ ಕೊಡಲೂ ನನಗೆ ಮನಸ್ಸಿಲ್ಲ. ಸಾವಿರಾರು ಜನ ಕೂಡಿ ಬೆಳೆಸಿದ್ದನ್ನು ಕೆಲವರೇ ಉಣ್ಣುವುದಕ್ಕೆ ರಕ್ಷಣೆಯೆಂಬ ಹೆಸರು ಸುಲಭವಾಗಿ ಸಿಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಲೇಖನದ ವಾದ ನಿಂತಿರುವುದೇ ಅದರ ಮೇಲೆ. ಗುಪ್ತವಾಗಿದ್ದ ಕಾಲದಲ್ಲಿ ಆ ಆಟ ಇದ್ದ ಹಾಗೆಯೇ ಇರಲಿಲ್ಲ. ಆಟದ ಪರಿಷ್ಕರಣಗಳನ್ನು ಚಿತ್ರಕಥಾ ಪತ್ರಿಕೆಗಳ ಪದ್ಧತಿಯಂತೆ 'ಇಶ್ಯೂ', ಅಂದರೆ ಸಂಚಿಕೆ, ಎಂದೇ ಎಣಿಸುತ್ತಾರೆ. ಸಂಸ್ಥೆ ಅಧಿಕೃತವಾಗಿ ಹೊರತಂದ ಕೊನೆಯದು 23ನೆಯ ಸಂಚಿಕೆ. ಮುಚ್ಚುವ ವೇಳೆಗೆ 24ನೆಯದು ಪರೀಕ್ಷಾ ಹಂತದಲ್ಲಿತ್ತು. 2019ರಲ್ಲಿ ಬೆಳಕಿಗೆ ಬಂದದ್ದಾದರೋ 25ನೆಯದು! ಅದರಲ್ಲಿ 'ಸೆಂಟಿನೆಲ್' ಎಂಬ, ಮೂಲ ಆಟದಲ್ಲಿ ಎಂದೂ ಇರದಿದ್ದ ಹೊಸ ವೀರವರ್ಗವೇ ಸೇರಿತ್ತು. ಅನಂತರ ಹೋಮ್‌ಕಮಿಂಗ್ ಬಳಗ 27ನೆಯ ಸಂಚಿಕೆಯನ್ನು ಹೊರತಂದಿತು. 'ರೀಬರ್ತ್' ಎಂಬ ಇನ್ನೊಂದು ಸರ್ವರಿನವರು 24ನೆಯದನ್ನೇ ಮೂಲವಾಗಿಟ್ಟುಕೊಂಡು ಬೇರೆ ದಿಕ್ಕಿನಲ್ಲಿ ಬೆಳೆಸಿದರು. ಹೀಗೆ ಒಂದೇ ಮೂಲದ ಹಲವು ಕವಲುಗಳು ಏಕಕಾಲದಲ್ಲಿ ಚಾಲ್ತಿಗೆ ಬಂದವು.

ವಸ್ತುಸಂಗ್ರಹಾಲಯದ ದೃಷ್ಟಿಗೆ ಇದು ಕಲಬೆರಕೆ. 2012ರ ನವೆಂಬರಿನ ಸ್ಥಿತಿಯೇ ಮೂಲ, ಉಳಿದುದೆಲ್ಲ ಪ್ರಕ್ಷಿಪ್ತ ಎಂದು ಆ ದೃಷ್ಟಿ ಹೇಳೀತು. ಮೌಖಿಕ ಪರಂಪರೆಯನ್ನು ಬಲ್ಲವರು ಹಾಗೆ ಹೇಳುವಂತಿಲ್ಲ. 2004ರಿಂದ 2012ರ ನಡುವೆ ಆ ಆಟಕ್ಕೆ ಸ್ಥಿರವಾದ ಪಠ್ಯವೆಂಬುದು ಎಂದೂ ಇರಲಿಲ್ಲ. ಸಂಚಿಕೆಯಿಂದ ಸಂಚಿಕೆಗೆ ಅದು ಬದಲಾಗುತ್ತಲೇ ಇತ್ತು. ಮಲೆಯ ಮಾದೇಶ್ವರನ ಕಥೆಯ ಯಾವ ಗುಡ್ಡರ ಮೇಳದ ಪಾಠ ಮೂಲವೆಂದು ಕೇಳುವವನಿಗೆ ನಾವು ಕೊಡುವ ಉತ್ತರವೇ ಇಲ್ಲಿಗೂ ಸಲ್ಲುತ್ತದೆ. ಬದಲಾಗುವುದನ್ನು ನಿಲ್ಲಿಸಿದಾಗಲೇ ಅದು ಸತ್ತಿತ್ತು. ಮತ್ತೆ ಬದಲಾಗತೊಡಗಿದ್ದೇ ಅದು ಬದುಕಿದ್ದಕ್ಕೆ ಸಾಕ್ಷಿ. ಜಾನಪದವು ತನ್ನ ಮೂಲ ಸಂದರ್ಭವನ್ನು ಬಿಟ್ಟು ಬೇರೊಂದರಲ್ಲಿ ಮತ್ತೆ ಬಳಕೆಗೆ ಬರುವುದನ್ನು ಹೊಂಕೊ ಅವರು ಅದರ 'ಎರಡನೆಯ ಬದುಕು' ಎಂದು ಕರೆದು, ಅದನ್ನು ನಕಲಿಯೆಂದು ತಳ್ಳಿಹಾಕದೆ ಅಧ್ಯಯನಕ್ಕೆ ಎತ್ತಿಕೊಳ್ಳಬೇಕೆಂದು ವಾದಿಸಿದರು. ಈ ಪ್ರಕರಣದಲ್ಲಿ ಎರಡನೆಯ ಬದುಕನ್ನು ಕೊಟ್ಟವರು ಮೊದಲನೆಯದನ್ನು ಬಾಳಿದವರೇ ಆಗಿದ್ದಾರೆಂಬುದು ವಿಶೇಷ.

ಮರಳಿದವರು

2019ರ ಮೇ ತಿಂಗಳಲ್ಲಿ ನನ್ನ ತಮ್ಮ ಮರಳಿ ಪ್ರವೇಶಿಸಿದಾಗ ಎದುರಾದ ಮೊದಲ ತೊಡಕು ಹೆಸರಿನದು. ಹಳೆಯ ಪಾತ್ರಗಳು ಹೊಸ ಸರ್ವರ್‌ನಲ್ಲಿ ಕಾದು ಕುಳಿತಿರಲಿಲ್ಲ. ಎಲ್ಲರೂ ಮೊದಲ ಹಂತದಿಂದ ಮತ್ತೆ ಹುಟ್ಟಬೇಕಿತ್ತು. ಹೆಸರು ಮೊದಲು ಬಂದವರಿಗೆ. ಏಳು ವರ್ಷ ತಾನು ಬಾಳಿದ ಹೆಸರನ್ನು ಅಪರಿಚಿತನೊಬ್ಬ ಆಗಲೇ ತೆಗೆದುಕೊಂಡಿದ್ದ. ಅವನೂ ಬೇರೊಂದು ಹಳೆಯ ಸರ್ವರ್‌ನಲ್ಲಿ ಅದೇ ಹೆಸರಿನಿಂದ ಆಡಿದ್ದವನೆಂದು ಆಮೇಲೆ ತಿಳಿಯಿತು. ಇಬ್ಬರೂ ನಿಜವಾದ ವಾರಸುದಾರರು. ಕೊನೆಗೆ ತಮ್ಮ ಒಂದು ಅಕ್ಷರ ಹೆಚ್ಚಿಗೆ ಸೇರಿಸಿಕೊಂಡ. ವೇಷವನ್ನು ಮಾತ್ರ ನೆನಪಿನಿಂದಲೇ, ಬಣ್ಣ ಬಣ್ಣವನ್ನೂ ಸರಿಹೊಂದಿಸಿ, ಒಂದಿಡೀ ರಾತ್ರಿ ಕುಳಿತು ಮತ್ತೆ ಕಟ್ಟಿದನಂತೆ. ಮುಚ್ಚುವ ಮೊದಲೇ ತಮ್ಮ ಪಾತ್ರಗಳ ವಿವರವನ್ನು ಕಡತವಾಗಿ ಉಳಿಸಿಕೊಂಡಿದ್ದ ದೂರದೃಷ್ಟಿಯವರೂ ಇದ್ದರು, ಇವನು ಅಂಥವನಲ್ಲ.

ನಾನು ಪಕ್ಕದಲ್ಲಿ ಕುಳಿತ ಸಂಜೆಗಳಲ್ಲಿ ಗಮನಿಸಿದ್ದು ಇಷ್ಟು. ಅವನು ಕಾದಾಡಿದ್ದು ಕಡಿಮೆ, ನಿಂತದ್ದು ಹೆಚ್ಚು. ಅಟ್ಲಾಸ್ ಪ್ರತಿಮೆಯ ಕೆಳಗೆ ವೇಷಸ್ಪರ್ಧೆ ನಡೆಯುತ್ತಿತ್ತು. 'ಅಕ್ಕ, ಮಾತಾಡಬೇಡ, ಈಗ ತೀರ್ಪುಗಾರ ನನ್ನ ಮುಂದೆ ಬರ್ತಾನೆ' ಎಂದು, ಧ್ವನಿ ಅತ್ತ ಕೇಳುವುದಿಲ್ಲವೆಂಬುದನ್ನು ಮರೆತು, ಅವನು ಪಿಸುಗುಟ್ಟಿದ. ಸಾಲಿನಲ್ಲಿದ್ದವರಲ್ಲಿ ಹಲವರು ಈಗ ಮಕ್ಕಳೊಂದಿಗರು. ಮಗುವನ್ನು ಮಲಗಿಸಿ ಬರುವುದಾಗಿ ತಿಳಿಸಿ ಹತ್ತು ನಿಮಿಷ ಕದಲದೆ ನಿಂತ ವೀರನೊಬ್ಬನನ್ನು ನೋಡಿದೆ. ಅವನ ಸರದಿ ಬಂದಾಗ ತೀರ್ಪುಗಾರ ಅವನಿಗಾಗಿ ಕಾದ. ಹಳೆಯ ಕಾಲದಲ್ಲಿ ಹೀಗೆ ಕಾಯುತ್ತಿರಲಿಲ್ಲವೆಂದು ತಮ್ಮ ಹೇಳಿದ. ರೂಢಿ ಬದಲಾದದ್ದು ಆಡುವವರ ವಯಸ್ಸು ಬದಲಾದ್ದರಿಂದ.

ಅವರ ಹಳೆಯ ಎಂಟು ಜನರ ಕೂಟದಲ್ಲಿ ಮರಳಿದವರು ಮೂವರು. ನಾಲ್ವರ ಸುಳಿವಿಲ್ಲ. ಒಬ್ಬ, ಆಟ ಮುಚ್ಚಿದ್ದ ಕಾಲದಲ್ಲಿಯೇ ತೀರಿಕೊಂಡಿದ್ದ. ಅವನ ವೀರನ ಹೆಸರನ್ನು ಬೇರೆ ಯಾರೂ ಪಡೆಯದಿರಲೆಂದು ಮೂವರಲ್ಲೊಬ್ಬರು ಮೊದಲ ದಿನವೇ ಆ ಹೆಸರಿನ ಪಾತ್ರವನ್ನು ಸೃಷ್ಟಿಸಿ, ಕೈಲಾದಷ್ಟು ಅದೇ ವೇಷ ತೊಡಿಸಿ ಇರಿಸಿದ್ದಾರೆ. ಅದನ್ನು ಯಾರೂ ಆಡಿಸುವುದಿಲ್ಲ. ತಿಂಗಳಿಗೊಮ್ಮೆ ಅದನ್ನು ಪ್ರತಿಮೆಯ ಬಳಿಗೆ ತಂದು ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಒಳಗೆ ಕಳಿಸುತ್ತಾರೆ. ಇದನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ಹೆಸರೇನೂ ಇಲ್ಲವೆಂದ.

ಎಲ್ಲರ ಮರಳುವಿಕೆಯೂ ತೃಪ್ತಿಯಲ್ಲಿ ಮುಗಿದಿಲ್ಲವೆಂಬುದನ್ನೂ ಹೇಳಬೇಕು. ಅವನ ಇನ್ನೊಬ್ಬ ಗೆಳೆಯ ಎರಡು ವಾರ ಆಡಿ ಬಿಟ್ಟುಬಿಟ್ಟ. ಬೀದಿಗಳೆಲ್ಲ ಸರಿಯಾಗಿಯೇ ಇವೆ, ತಾನೇ ಅಲ್ಲಿಲ್ಲ ಎಂಬುದು ಅವನ ದೂರು.

ಖರ್ಚು, ಹಕ್ಕು ಮತ್ತು ಸಂಗ್ರಹ

ಹೋಮ್‌ಕಮಿಂಗ್ ಸರ್ವರಿಗೆ ಶುಲ್ಕವಿಲ್ಲ. ತಿಂಗಳ ಖರ್ಚನ್ನು ಪ್ರಕಟಿಸಿ ದೇಣಿಗೆ ತೆರೆಯುತ್ತಾರೆ, ಅಗತ್ಯದಷ್ಟು ಕೂಡಿದೊಡನೆ ನಿಲ್ಲಿಸುತ್ತಾರೆ. ಹರಕೆ ಆಟಕ್ಕೆ ಸೇವಾಕರ್ತರು ವರ್ಷಗಟ್ಟಲೆ ಸರದಿ ಕಾಯುವುದನ್ನು ಬಲ್ಲ ನಮಗೆ ಈ ಅರ್ಥವ್ಯವಸ್ಥೆ ಅಪರಿಚಿತವಲ್ಲ. ಲಾಭಕ್ಕಾಗಿ ನಡೆದ ಕಾಲದಲ್ಲಿ ನಿಂತುಹೋದದ್ದು ಸೇವೆಯ ರೂಪದಲ್ಲಿ ನಡೆಯುತ್ತಿದೆ. 2024ರ ಜನವರಿ 4ರಂದು ಎನ್‌ಸಿಸಾಫ್ಟ್ ಸಂಸ್ಥೆಯಿಂದ ತಮಗೆ ಪರವಾನಗಿ ದೊರೆತಿರುವುದಾಗಿ ಹೋಮ್‌ಕಮಿಂಗ್ ಬಳಗ ಪ್ರಕಟಿಸಿತು. ಹಕ್ಕು ಸಂಸ್ಥೆಯದೇ, ನಡೆಸುವವರು ಅಭಿಮಾನಿಗಳು. ಇದು ಅಪರೂಪದ ಉದಾರತೆ, ಸಂದೇಹವಿಲ್ಲ. ಆದರೆ ಹಲವು ಪಾಠಗಳಲ್ಲಿ ಒಂದಕ್ಕೆ ಮಾತ್ರ ಅಧಿಕೃತ ಮುದ್ರೆ ಬಿದ್ದಾಗ ಉಳಿದ ಪಾಠಗಳಿಗೆ ಏನಾಗುತ್ತದೆಂಬುದನ್ನು ಜಾನಪದದ ಇತಿಹಾಸ ಬಲ್ಲವರು ಎಚ್ಚರದಿಂದ ನೋಡಬೇಕಾಗಿದೆ.

ಗ್ರಂಥಾಲಯಗಳ ಪಾತ್ರದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಲ್ಯೂಕಾಸ್‌ಫಿಲ್ಮ್ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ 'ಹ್ಯಾಬಿಟ್ಯಾಟ್' ಎಂಬ ಆದಿಕಾಲದ ಆಟವನ್ನು ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ವಸ್ತುಸಂಗ್ರಹಾಲಯವೊಂದು ಮುಂದೆ ನಿಂತು ಪುನರುಜ್ಜೀವಿಸಿತು. 2018ರಲ್ಲಿ ಅಮೆರಿಕ ಸರ್ಕಾರ ಗ್ರಂಥಾಲಯ, ದಫ್ತರಖಾನೆ ಮತ್ತು ವಸ್ತುಸಂಗ್ರಹಾಲಯಗಳಿಗೆ ಇಂತಹ ಆಟಗಳನ್ನು ತಮ್ಮ ಆವರಣದೊಳಗೆ ಸಂರಕ್ಷಿಸಲು ರಿಯಾಯಿತಿ ನೀಡಿತು. ಆದರೆ ಸರ್ವರ್ ತಂತ್ರಾಂಶದ ನ್ಯಾಯಬದ್ಧ ಪ್ರತಿ ಸಂಸ್ಥೆಯ ಬಳಿ ಇರಬೇಕೆಂಬ ಷರತ್ತಿನ ಮೇಲೆ. ಹೊರಗೆ ಬಾರದ ತಂತ್ರಾಂಶದ ಪ್ರತಿ ಗ್ರಂಥಾಲಯಕ್ಕೆ ಎಲ್ಲಿಂದ ಬರಬೇಕು? ಅಭಿಮಾನಿಗಳು 2019ರಲ್ಲಿ ಮಾಡಿದ್ದನ್ನು ಯಾವ ಗ್ರಂಥಾಲಯವೂ ಕಾನೂನಿನೊಳಗೆ ಮಾಡಲಾಗುತ್ತಿರಲಿಲ್ಲ. 'ದಿ ಕ್ರೂ' ಎಂಬ ಆಟ 2024ರ ಮಾರ್ಚ್ 31ರಂದು ಮುಚ್ಚಿದ ಮೇಲೆ ಯೂರೋಪಿನಲ್ಲಿ ಇದರ ವಿರುದ್ಧ ಎದ್ದ ನಾಗರಿಕ ಮನವಿಗೆ 2025ರಲ್ಲಿ 10 ಲಕ್ಷಕ್ಕೂ ಮೀರಿ ಸಹಿಗಳು ಬಿದ್ದವು.

ನಮ್ಮ ದೇಶದ ಸ್ಥಿತಿಯನ್ನೂ ನೋಡಬಹುದು. 1954ರ ಪುಸ್ತಕ ಸಮರ್ಪಣಾ ಕಾಯಿದೆ ಮುದ್ರಿತ ಪುಸ್ತಕಗಳಿಗೆ, ತಿದ್ದುಪಡಿಯ ತರುವಾಯ ಪತ್ರಿಕೆಗಳಿಗೆ, ಅನ್ವಯಿಸುವಂಥದ್ದು. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ, ಅಂದರೆ ಈ ಆಟ ಮುಚ್ಚಿದ ವರ್ಷದಲ್ಲಿಯೇ, ತಂದ ತಿದ್ದುಪಡಿಯ ಪ್ರಕಾರ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಬಹುದು. ಆದರೆ ಆ ಕೃತಿಯ ವಿದ್ಯುನ್ಮಾನವಲ್ಲದ ಪ್ರತಿಯೊಂದು ಅದರ ಬಳಿ ಮೊದಲೇ ಇರಬೇಕು. ತಾಳೆಗರಿಗೆ, ಹಳೆಯ ಅಚ್ಚಿನ ಪುಸ್ತಕಕ್ಕೆ ಇದು ಸರಿ. ಹುಟ್ಟಿನಿಂದಲೇ ವಿದ್ಯುನ್ಮಾನವಾದ ಕೃತಿ ಈ ಬಾಗಿಲಲ್ಲಿ ಒಳಬರುವುದಿಲ್ಲ.

ಇಷ್ಟಾಗಿಯೂ ಗ್ರಂಥಾಲಯ ಸಂಗ್ರಹಿಸಬಹುದಾದ, ಸಂಗ್ರಹಿಸಲೇಬೇಕಾದ ವಸ್ತುವೊಂದಿದೆ. ಅದು ಆಟದ ತಂತ್ರಾಂಶವಲ್ಲ. ಗೋಪಾಲ ನಾಯ್ಕರ ಹಾಡಿನ ಜೊತೆಗೆ ಸಿರಿ ಜಾತ್ರೆಯನ್ನೂ ದಾಖಲಿಸದೆ ಹೋಗಿದ್ದರೆ ಆ ಪಠ್ಯ ಅರ್ಧವಾಗುತ್ತಿತ್ತು. ಹಾಗೆಯೇ ಇಲ್ಲಿ ಬೇಕಾದದ್ದು ಆಡಿದವರ ಮಾತು, ವೇಷಸ್ಪರ್ಧೆಯ ಕಟ್ಟಳೆ, ಕೂಟಗಳ ಒಳನಿಯಮ, ಮುಚ್ಚಿದ ರಾತ್ರಿಯ ನೆನಪು. ಇದನ್ನು ಸಂಗ್ರಹಿಸಲು ನಮ್ಮಲ್ಲಿ ವಿಧಾನವೂ ಇದೆ, ತರಬೇತಾದ ಕಾರ್ಯಕರ್ತರೂ ಇದ್ದಾರೆ. ಆಡಿದವರಲ್ಲಿ ನಮ್ಮ ನಾಡಿನಿಂದ ಹೋದವರೂ ಇದ್ದಾರೆಂಬುದಕ್ಕೆ ನನ್ನ ಮನೆಯೇ ಸಾಕ್ಷಿ. ಕಾಲ ಮಾತ್ರ ಕಡಿಮೆ. ಮೊದಲ ತಲೆಮಾರಿನ ಆಟಗಾರರಲ್ಲಿ ಹಲವರು ಈಗ ನಡುವಯಸ್ಸಿನವರು.

ಆಟದ ವ್ಯವಸ್ಥೆಯಲ್ಲಿ, ತೆರೆಯ ಮೇಲೆ ನಡೆದ ಸಂಭಾಷಣೆಯನ್ನು ಅಕ್ಷರರೂಪದಲ್ಲಿ ಕಡತವಾಗಿ ಉಳಿಸಿಕೊಳ್ಳುವ ಅನುಕೂಲವಿತ್ತು. ತಮ್ಮ ಅದನ್ನು ಮೊದಲ ವರ್ಷದಲ್ಲಿಯೇ ಚಾಲೂ ಮಾಡಿ ಮರೆತುಬಿಟ್ಟಿದ್ದ. ಹಳೆಯ ಗಣಕದ ಹಾರ್ಡ್ ಡಿಸ್ಕಿನಲ್ಲಿ ಏಳು ವರ್ಷಗಳ ಮಾತುಕತೆ ದಿನಾಂಕಸಹಿತ ಉಳಿದಿರುವುದು 2022ರಲ್ಲಿ ನಾವಿಬ್ಬರೂ ಕುಳಿತು ತೆರೆದಾಗಲೇ ತಿಳಿದದ್ದು. ಅದರಲ್ಲಿ ತೀರಿಕೊಂಡ ಗೆಳೆಯನ ಮಾತುಗಳೂ ಇವೆ; ಅನುಮತಿ ಕೇಳಲು ಈಗ ಯಾರೆಂದೇ ಗೊತ್ತಿಲ್ಲದ ನೂರಾರು ಜನರ ಮಾತುಗಳೂ ಇವೆ. ಆ ಡಿಸ್ಕಿನ ಒಂದು ಪ್ರತಿಯನ್ನು ಊರಿಗೆ ತಂದು, ಸಂಶೋಧನಾ ಸಂಗ್ರಹಗಳುಳ್ಳ ಒಂದು ಗ್ರಂಥಾಲಯದಲ್ಲಿ ವಿಚಾರಿಸಿದೆ. ಪರಿಗ್ರಹಣ ವಹಿಯಲ್ಲಿ ಲೇಖಕರ ಹೆಸರು ಬರೆಯುವ ಅಂಕಣವಿತ್ತು. ಅಲ್ಲಿ ಯಾರ ಹೆಸರು ಬರೆಯಬೇಕೆಂದು ಅಲ್ಲಿನವರು ಕೇಳಿದರು. ಡಿಸ್ಕು ಸದ್ಯ ನನ್ನ ಕಪಾಟಿನಲ್ಲಿಯೇ ಇದೆ.